ಮೊದಲು ಹೊತ್ತದ್ದು ಯಾರನ್ನು

ಹಳೇಬೀಡಿನ ಕಡೆಯಿಂದ ಬರುವ ಬಸ್ಸಿನಿಂದ ತಿಂಗಳಿಗೊಂದು ಸಲವಾದರೂ ಒಬ್ಬರು ನಮ್ಮೂರು ಹಗರೆಯಲ್ಲಿ ಇಳಿಯುತ್ತಿದ್ದರು. ಇಳಿದವರು ಬೇರೆಲ್ಲೂ ನಿಲ್ಲದೆ ನಮ್ಮ ಮನೆಗೆ ಬಂದು, ಚಪ್ಪಲಿ ಬಿಟ್ಟು, ಜಗಲಿಯ ಮೇಲೆ ಕೂರುತ್ತಿದ್ದರು. ನಾನು ಕಾಫಿ ತಂದುಕೊಡುತ್ತಿದ್ದೆ. ಕುಡಿಯುತ್ತಾ ಹಸುವಿನ ವಿಚಾರ, ಮಗಳ ವಿಚಾರ ಕೇಳಿ, ಒಮ್ಮೆ ಒಳಗಡೆ ಕಣ್ಣು ಹಾಯಿಸಿ, "ಬತ್ತೀನಿ ಅತ್ತಿಗೆ" ಅಂತ ಎದ್ದುಬಿಡುತ್ತಿದ್ದರು. ಅವರು ಬರುತ್ತಿದ್ದದ್ದು ನನ್ನ ಗಂಡನನ್ನು ನೋಡಲು. ನನ್ನ ಗಂಡ ಅಷ್ಟು ಹೊತ್ತೂ ಒಳಕೋಣೆಯ ಬಾಗಿಲಿಗೆ ಅಗುಳಿ ಹಾಕಿಕೊಂಡು ಕೂತಿರುತ್ತಿದ್ದರು.

ಒಂದು ಸಲ ಎರಡು ಸಲದ ಮಾತಲ್ಲ ಇದು. ಮಗಳು ಅಂಬೆಗಾಲಿಡುತ್ತಿದ್ದಾಗ ಶುರುವಾದದ್ದು ಅವಳ ಮದುವೆಯಾಗಿ ಅವಳಿಗೊಂದು ಕೂಸಾಗುವವರೆಗೂ ನಡೆಯಿತು. ನಾನು ಬಾಯಿ ಜೋರಿನವಳು, ಊರಿಗೇ ಗೊತ್ತು. ಡೈರಿಯಲ್ಲಿ ಹಾಲು ಅಳೆಯುವ ಕೆಲಸ ನನ್ನದು. ನೀರು ಬೆರೆಸಿ ತಂದವರ ಕ್ಯಾನನ್ನು ಅವರ ಕಣ್ಣೆದುರೇ ಚರಂಡಿಗೆ ಬಗ್ಗಿಸಿದವಳು. ಆದರೆ ಈ ಇಬ್ಬರು ಗಂಡಸರ ನಡುವೆ ನನ್ನ ಬಾಯಿ ಯಾವ ಕೆಲಸಕ್ಕೂ ಬರಲಿಲ್ಲ.

ಜಗಲಿಯ ಮೇಲೆ ಕೂರುತ್ತಿದ್ದ ಆ ಮನುಷ್ಯನೇ ನನ್ನ ಗಂಡನ ಜೀವ ಉಳಿಸಿದವರು. ನಾನು ಅವರನ್ನು ಅಣ್ಣ ಅಂತ ಕರೆಯುವುದು, ಇಲ್ಲೂ ಹಾಗೆಯೇ ಬರೆಯುತ್ತೇನೆ. ಗಂಡನನ್ನು 'ಇವರು' ಅನ್ನುತ್ತೇನೆ. ಹೆಸರು ಹಿಡಿದು ಕರೆದು ಅಭ್ಯಾಸವಿಲ್ಲ, ಈ ವಯಸ್ಸಿನಲ್ಲಿ ಹೊಸದಾಗಿ ಕಲಿಯುವುದೂ ಬೇಡ.

ಇಬ್ಬರೂ ಮಿಲಿಟರಿಯಲ್ಲಿ ಒಂದೇ ತುಕಡಿಯಲ್ಲಿದ್ದವರು. ಎಲ್ಲ ರಾಜ್ಯದವರೂ ಬೆರೆತಿದ್ದ ಆ ತುಕಡಿಯಲ್ಲಿ ನಮ್ಮ ಕಡೆಯವರು ಅಂದರೆ ಇವರಿಬ್ಬರೇ. ಅಣ್ಣನದು ಹಳೇಬೀಡು. ಬುದ್ಧನನ್ನು ನಂಬಿದ ಮನೆತನ. ಅಕ್ಕಂದಿರು ಓದಿ ಟೀಚರಾದರು, ತಮ್ಮ ಬ್ಯಾಂಕು ಸೇರಿದ. ಅಪ್ಪ ಮಾತ್ರ ಕಡೆಯವರೆಗೂ ಅರಸೀಕೆರೆಯ ಕೊಬ್ಬರಿ ಮಂಡಿಗಳಲ್ಲಿ ಹಮಾಲಿ ಮಾಡಿದವರು. ನಾನು ಅರಸೀಕೆರೆ ಪಕ್ಕದ ತೆಂಗಿನ ತೋಟದವರ ಮಗಳು. ನಮ್ಮ ಅಟ್ಟದಿಂದ ಇಳಿದ ಕೊಬ್ಬರಿ ಹೋಗುತ್ತಿದ್ದದ್ದೂ ಅದೇ ಮಂಡಿಗಳಿಗೆ. ನನ್ನಪ್ಪನ ಮೂಟೆಗಳನ್ನು ಅಣ್ಣನ ಅಪ್ಪ ಹೊತ್ತಿದ್ದರೂ ಹೊತ್ತಿರಬಹುದು. ಅಣ್ಣನೂ ಸ್ಕೂಲಿಗೆ ರಜೆ ಬಂದಾಗಲೆಲ್ಲ ಅಪ್ಪನ ಜೊತೆ ಹೋಗಿ ಮೂಟೆ ಹೊತ್ತು ಬೆನ್ನು ಗಟ್ಟಿ ಮಾಡಿಕೊಂಡವರು.

ಯುದ್ಧ ನಡೆದದ್ದು ಹಿಮದ ಬೆಟ್ಟದಲ್ಲಿ. ಮೇಲೆ ಶತ್ರುಗಳು, ಕೆಳಗೆ ನಮ್ಮವರು. ಬೆಳಗಿನ ಜಾವ ಬೆಟ್ಟ ಹತ್ತಿದ ಇವರ ತುಕಡಿ ಗುಂಡಿನ ಏಟು ತಡೆಯಲಾರದೆ ಹಿಂದಕ್ಕೆ ಸರಿಯಬೇಕಾಯಿತು. ಕೆಳಗೆ ಬಂದು ನೋಡಿಕೊಂಡರೆ ಇಬ್ಬರಿಲ್ಲ. ಒಬ್ಬರು ಇವರು. ಇನ್ನೊಬ್ಬ ಉತ್ತರದ ಯಾವುದೋ ಗುಡ್ಡಗಾಡಿನ ಹುಡುಗ, ಸೇನೆಗೆ ಸೇರಿ ಬಹಳ ದಿನವೂ ಆಗಿರಲಿಲ್ಲ. ಇಬ್ಬರೂ ಮೇಲೆ ಒಂದು ಬಂಡೆಯ ಮರೆಯಲ್ಲಿ ಗಾಯವಾಗಿ ಬಿದ್ದಿದ್ದರು. ಹಗಲೆಲ್ಲ ಯಾರೂ ತಲೆ ಎತ್ತುವ ಹಾಗಿರಲಿಲ್ಲ. ಹೊತ್ತು ಮುಳುಗುತ್ತಿದ್ದಂತೆ ಅಣ್ಣ ಒಬ್ಬರೇ ಹೊರಟರು. ಇನ್ನೊಂದಿಷ್ಟು ಜನ ಬಂದ ಮೇಲೆ ಹೋಗು ಅಂದರಂತೆ ಮೇಲಿನವರು. "ಅಷ್ಟೊತ್ತಿಗೆ ತಣ್ಣಗಾಗಿರ್ತಾರೆ ಸಾರ್" ಅಂದು ಅಣ್ಣ ಹತ್ತಿಯೇಬಿಟ್ಟರು.

ಇವರನ್ನು ಬೆನ್ನಿಗೆ ಹಾಕಿಕೊಂಡು ಇಳಿಯುವಾಗ ಶೆಲ್ಲು ಬೀಳತೊಡಗಿತು. ಅಂಥ ಹೊತ್ತಿನಲ್ಲಿ ನೆಲಕ್ಕೆ ಮಲಗಬೇಕು ಅಂತ ಸೈನಿಕರಿಗೆ ಮೊದಲ ದಿನವೇ ಹೇಳಿಕೊಡುತ್ತಾರೆ. ಕೆಳಗಿದ್ದವರು ಮಲಗೋ ಮಲಗೋ ಅಂತ ಗಂಟಲು ಹರಿದುಕೊಂಡರೂ ಅಣ್ಣ ಮಲಗಲಿಲ್ಲ. ಒಂದು ಬಂಡೆಗೆ ಭುಜ ಕೊಟ್ಟು, ಬೆನ್ನ ಮೇಲಿನ ಭಾರ ಇಳಿಸದೆ, ನಿಂತೇ ಇದ್ದರು. ಕಲ್ಲಿನ ಚೂರುಗಳು ಮೈಮೇಲೆ ಎರಚಿದರೂ ನಿಂತೇ ಇದ್ದರು. ಭಂಡಧೈರ್ಯ ಅಂತ ಕೆಲವರು, ಮೈಮೇಲೆ ದೇವರು ಬಂದಿತ್ತು ಅಂತ ಕೆಲವರು ಹೇಳಿದರು. ನಾನು ಒಮ್ಮೆ ಕೇಳಿದಾಗ ಅಣ್ಣ ನಕ್ಕುಬಿಟ್ಟರು.

"ದೇವ್ರೂ ಇಲ್ಲ, ದಿಂಡ್ರೂ ಇಲ್ಲ ಅತ್ತಿಗೆ. ಮೂಟೆ ಬೆನ್ನಿಗೆ ಏರ್ಸಕ್ಕೆ ಇನ್ನೊಬ್ಬ ಬೇಕು. ಒಬ್ನೇ ಇದ್ದಾಗ ಇಳ್ಸುದ್ರೆ ಮುಗೀತು, ಮತ್ತೆ ಎತ್ತಕ್ಕಾಗಲ್ಲ. ಸುಸ್ತಾದ್ರೆ ಗೋಡೆಗೆ ಒರಗಿ ನಿಂತ್ಕಬೇಕು ಅಂತಿದ್ರು ನಮ್ಮಪ್ಪ. ಮಲಗಿದ್ರೆ ಇವನ್ನ ಅಲ್ಲೇ ಬಿಟ್ಟು ಬರಬೇಕಾಗಿತ್ತು, ಅಷ್ಟೇಯ."

ಇವರನ್ನು ಕೆಳಗೆ ಡಾಕ್ಟರ ಹತ್ತಿರ ಬಿಟ್ಟು, ನೀರನ್ನೂ ಕುಡಿಯದೆ, ಅಣ್ಣ ಮತ್ತೆ ಹತ್ತಿದರು. ಆ ಹುಡುಗನನ್ನೂ ಹೊತ್ತು ಇಳಿದರು. ಬರುವ ದಾರಿಯಲ್ಲಿ ಅವರ ಬಲಗೈಗೆ ಚೂರು ಬಡಿದು ಬೆರಳುಗಳೆಲ್ಲ ಹೋದವು. ಕೆಳಗಿಳಿಸಿ ನೋಡಿದರೆ ಹುಡುಗನ ಜೀವ ಹೋಗಿ ಬಹಳ ಹೊತ್ತಾಗಿತ್ತು. ಇವರ ಎರಡೂ ಕಾಲುಗಳನ್ನು ಆಸ್ಪತ್ರೆಯಲ್ಲಿ ಮಂಡಿಯ ಕೆಳಗೆ ತೆಗೆದರು. ನಾನು ಎಳೆ ಮಗುವನ್ನು ಎತ್ತಿಕೊಂಡು ರೈಲಿನಲ್ಲಿ ಆ ದೂರದ ಊರಿಗೆ ಹೋದೆ. ಮಂಚದ ಮೇಲೆ ಅರ್ಧ ಆಗಿ ಮಲಗಿದ್ದ ಗಂಡನನ್ನು ನೋಡಿ ನನಗೆ ಅಳು ಬರಲಿಲ್ಲ. ಉಸಿರಾಡುತ್ತಿದ್ದಾರಲ್ಲ, ಅಷ್ಟು ಸಾಕು ಅಂತ ಅನ್ನಿಸಿತು. ಪಕ್ಕದ ವಾರ್ಡಿನಿಂದ ಕೈಗೆ ದಪ್ಪ ಬ್ಯಾಂಡೇಜು ಸುತ್ತಿಕೊಂಡು ಬಂದ ಮನುಷ್ಯ "ಅತ್ತಿಗೆ, ನಮ್ದು ಹಳೇಬೀಡು" ಅಂದಾಗ ಮಾತ್ರ ತಡೆಯಲಾಗಲಿಲ್ಲ. ಕಾಲಿಗೆ ಬಿದ್ದೆ. ಅವರು ಮುಜುಗರಪಟ್ಟುಕೊಂಡು ಹಿಂದೆ ಹಿಂದೆ ಹೋದರು.

ಊರಿಗೆ ಬಂದ ಹೊಸದರಲ್ಲಿ ಎಲ್ಲ ಚೆನ್ನಾಗೇ ಇತ್ತು. ಅಣ್ಣ ಹಳೇಬೀಡಿನಲ್ಲಿ ಗೊಬ್ಬರದಂಗಡಿ ಇಟ್ಟರು. ನಮ್ಮ ಮನೆಗೆ ಬಂದರೆ ಇವರ ಕೋಣೆಗೇ ಹೋಗಿ ಕೂರುತ್ತಿದ್ದರು. ಮಾತು ಕಡಿಮೆ, ಆದರೆ ಇಬ್ಬರೂ ಒಟ್ಟಿಗೆ ಸುಮ್ಮನಿರುವುದೇ ಒಂದು ಸುಖ ಅನ್ನುವ ಹಾಗೆ ಕೂತಿರುತ್ತಿದ್ದರು. ನಮ್ಮ ಅತ್ತೆ ಆಗಿನ್ನೂ ಇದ್ದರು. ಮೊದಲ ಸಲ ಅಣ್ಣ ಬಂದಾಗ ಅತ್ತೆ ಮೂಲೆಯಿಂದ ಬೇರೆಯದೇ ಒಂದು ಹಳೆಯ ಲೋಟ ತೆಗೆದು ನನ್ನ ಮುಂದಿಟ್ಟರು. ನನಗೆ ರೇಗಿತು.

"ಅತ್ತೆ, ನಿಮ್ಮ ಮಗ ಅವರ ಬೆನ್ನ ಮೇಲೆ ಬಂದಾಗ ಮೈಲಿಗೆ ಆಗ್ಲಿಲ್ವಾ? ಕಾಫಿ ಲೋಟಕ್ಕೆ ಆಗುತ್ತಾ?" ಅಂದೆ.

ಅತ್ತೆ ಆ ಲೋಟವನ್ನು ತಾವೇ ತೆಗೆದುಕೊಂಡು ಹೋಗಿ ಹಿತ್ತಿಲಲ್ಲಿಟ್ಟು ಬಂದರು. ಕೆಟ್ಟವರಲ್ಲ ಪಾಪ, ಅವರ ಕಾಲ ಅವರದು. ಆಮೇಲಾಮೇಲೆ ಅಣ್ಣ ಬರುವುದು ಎರಡು ದಿನ ತಡವಾದರೆ ಅವರೇ ದಾರಿ ನೋಡುತ್ತಿದ್ದರು.

ಎಲ್ಲ ಕೆಟ್ಟದ್ದು ಬೇಲೂರಿನ ಆ ಸನ್ಮಾನದ ದಿನ. ಇಬ್ಬರನ್ನೂ ವೇದಿಕೆ ಹತ್ತಿಸಿದರು. ಇವರನ್ನು ಗಾಲಿಕುರ್ಚಿಯ ಸಮೇತ ನಾಲ್ಕು ಜನ ಎತ್ತಿ ಮೇಲಿಟ್ಟರು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಆಮೇಲೆ ಒಬ್ಬ ಮುಖಂಡರು ಮೈಕಿನ ಮುಂದೆ ನಿಂತರು. ಒಳ್ಳೆಯ ಮಾತುಗಾರರು. ಬೆಟ್ಟ, ಹಿಮ, ಗುಂಡು ಎಲ್ಲವನ್ನೂ ತಾವೇ ಕಂಡು ಬಂದವರ ಹಾಗೆ ಬಣ್ಣಿಸಿ, ಕೊನೆಗೆ ದನಿ ಏರಿಸಿದರು.

"ಅಲ್ಲಿ ಬಿದ್ದಿದ್ದವರು ಇಬ್ಬರು! ಇಬ್ಬರೂ ಕೂಗ್ತಾ ಇದ್ದರು! ನಮ್ಮ ವೀರ ಮೊದಲು ಯಾರನ್ನು ಹೊತ್ತ? ಹೇಳಿ! ನಮ್ಮ ಬೇಲೂರು ತಾಲ್ಲೂಕಿನ ಮಗನನ್ನ! ಊರಿನ ಋಣ ಅಂದ್ರೆ ಇದು ಕಣ್ರೀ!"

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಶಿಳ್ಳೆ ಹೊಡೆದರು. ತಪ್ಪು ಹೇಳುತ್ತಿದ್ದೇವೆ ಅಂತ ಅಲ್ಲಿ ಒಬ್ಬರಿಗೂ ಅನ್ನಿಸಿರಲಿಕ್ಕಿಲ್ಲ. ನಮ್ಮವರು ನಮ್ಮವರನ್ನು ಕಾಯುವುದು ದೊಡ್ಡ ಗುಣ ಅಂತಲೇ ನಾವೆಲ್ಲ ಕಲಿತು ಬೆಳೆದದ್ದು. ನಾನೂ ಕೈ ಎತ್ತಿದೆ. ಆಗ ವೇದಿಕೆಯ ಮೇಲೆ ಇವರ ಮುಖ ಕಂಡಿತು. ಪೇಟದ ಕೆಳಗೆ ಆ ಮುಖದಲ್ಲಿ ರಕ್ತವೇ ಇರಲಿಲ್ಲ. ಪಕ್ಕದಲ್ಲಿದ್ದ ಅಣ್ಣ ನೆಲ ನೋಡುತ್ತಿದ್ದರು. ಸತ್ತವನಿಗೂ ಒಬ್ಬ ತಾಯಿ ಇದ್ದಾಳೆ ಅಂತ ಆ ಇಬ್ಬರಿಗೆ ಮಾತ್ರ ಆ ಕ್ಷಣ ನೆನಪಿತ್ತು.

ಮನೆಗೆ ಬಂದವರೇ ಇವರು ಪೇಟವನ್ನು ನನ್ನ ಕೈಗೆ ಕೊಟ್ಟು, "ಇನ್ಮೇಲೆ ಅವನು ಬಂದ್ರೆ ನನ್ನ ಕರೀಬೇಡ" ಅಂದರು. ಯಾಕೆ ಅಂತ ಕೇಳಿದರೆ ಕುರ್ಚಿಯನ್ನು ಕೋಣೆಯ ಕಡೆ ತಿರುಗಿಸಿಕೊಂಡರು. ಮುಂದಿನ ಸಲ ಅಣ್ಣ ಬಂದಾಗ ನಿಜವಾಗಿಯೂ ಅಗುಳಿ ಬಿತ್ತು.

ಆ ಮುಖಂಡರ ಮಾತು ಅಷ್ಟಕ್ಕೇ ನಿಲ್ಲಲಿಲ್ಲ. ನೆಂಟರ ಮನೆಯಲ್ಲಿ, ಡೈರಿಯಲ್ಲಿ, ಬಸ್ಸಿನಲ್ಲಿ, ಎಲ್ಲಿ ಹೋದರೂ ಅದೇ. "ನಿಮ್ಮೆಜಮಾನ್ರು ಪುಣ್ಯವಂತರು ಕಣಮ್ಮ, ಊರಿನೋನು ಅಂತ ಮೊದ್ಲು ಎತ್ಕಂಡ್ನಂತೆ." ಒಬ್ಬಳನ್ನು ನಾನು ಕೇಳಿಯೇಬಿಟ್ಟೆ: "ಆ ಇನ್ನೊಬ್ಬ ಹುಡುಗ ನಿನ್ನ ಮಗ ಆಗಿದ್ದಿದ್ರೆ?" ಅವಳು ಮುಖ ತಿರುಗಿಸಿಕೊಂಡು ಹೋದಳು. ಇನ್ನು ಅಣ್ಣ ಜಗಲಿಯಲ್ಲೇ ಕೂತು ಹೋಗುವುದನ್ನು ಕಂಡವರು ಬೇರೆಯದೇ ಅರ್ಥ ಮಾಡಿಕೊಂಡರು. ಜೀವ ಉಳಿಸಿದವನನ್ನೂ ಜಾತಿ ನೋಡಿ ಹೊರಗೆ ಕೂರಿಸುತ್ತಾರೆ ಅಂತ ನಮ್ಮ ಮನೆಯ ಮೇಲೆ ಮಾತು ಹುಟ್ಟಿತು. ಅದನ್ನು ಕೇಳಿದ ದಿನ ನಾನು ಇವರ ಬಾಗಿಲಿಗೆ ದಬದಬ ಬಡಿದು ಕೂಗಾಡಿದೆ. "ಊರಿನ ಬಾಯಿಗೆ ನನ್ನ ಯಾಕ್ರೀ ಹಾಕ್ತೀರಿ? ಒಂದ್ಸಲ ಒಳಗೆ ಕರೆದು ಬೈದಾದ್ರೂ ಬೈಯಿರಿ ಅವರನ್ನ!" ಅಗುಳಿ ಸರಿಯಲಿಲ್ಲ.

ನನಗೆ ಗೊತ್ತಿದ್ದದ್ದು ಇಷ್ಟು: ಇವರನ್ನು ತಿನ್ನುತ್ತಿದ್ದದ್ದು ಆ ಒಂದೇ ಪ್ರಶ್ನೆ. ನನ್ನನ್ನೇ ಮೊದಲು ಯಾಕೆ ಹೊತ್ತ? ಊರಿನವನು ಅಂತ ನಾನು ಬದುಕಿ, ದೂರದವನು ಅಂತ ಆ ಹುಡುಗ ಸತ್ತನಾ? ಇವರು ಇದನ್ನು ಬಾಯಿ ಬಿಟ್ಟು ಹೇಳಿದವರಲ್ಲ. ನಿದ್ದೆಯಲ್ಲಿ ಕನವರಿಸುವುದನ್ನು ಕೇಳಿ ನಾನೇ ತಿಳಿದುಕೊಂಡದ್ದು. ಅದಕ್ಕೇ ಒಂದು ದಿನ ಕಾಫಿ ಕೊಡುತ್ತಾ ಅಣ್ಣನನ್ನು ನೇರವಾಗಿ ಕೇಳಿದೆ.

"ಇವ್ರನ್ನೇ ಯಾಕಣ್ಣ ಮೊದ್ಲು ಎತ್ಕೊಂಡ್ರಿ?"

"ಹತ್ರ ಇದ್ದೋನು ಇವ್ನೇಯ."

ಮುಂದೊಂದು ಸಲ ಮತ್ತೆ ಕೇಳಿದೆ. ಆಗ, "ಇವ್ನಿಗೆ ರಕ್ತ ಜಾಸ್ತಿ ಹೋಗ್ತಿತ್ತು" ಅಂದರು. ಇನ್ನೊಂದು ಸಲ, "ಕತ್ಲಾಗಿತ್ತು ಅತ್ತಿಗೆ, ಯಾರು ಏನು ಅಂತ ನೋಡಕ್ಕಾಯ್ತದಾ?" ಎಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಸುಳ್ಳು ಹೇಳಲು ಬಾರದ ಮನುಷ್ಯ ಸುಳ್ಳು ಹೇಳುವಾಗ ಕಿವಿ ಕೆಂಪಗಾಗುತ್ತಿತ್ತು. ನಾನು ಕೇಳುವುದನ್ನು ಬಿಟ್ಟೆ.

ಹೀಗೆ ವರ್ಷಗಳು ಹೋದವು. ಬಾಗಿಲು ಹಾಕಿಕೊಳ್ಳುವುದು ಮೊದಮೊದಲು ಅಣ್ಣ ಬಂದಾಗ ಮಾತ್ರ ಇತ್ತು. ಬರಬರುತ್ತ ಅದೇ ಇವರ ಬದುಕಾಯಿತು. ಜಗಲಿಗೆ ಬಂದು ಕೂರಲಿಲ್ಲ, ಕೃತಕ ಕಾಲು ಹಾಕಿಕೊಳ್ಳಲಿಲ್ಲ, ನೆಂಟರ ಮನೆ ನೋಡಲಿಲ್ಲ. ಮಗಳು ಮೊದಲ ಸಲ ಸೈಕಲ್ ಹೊಡೆದದ್ದನ್ನು ಕಿಟಕಿಯಿಂದ ನೋಡಿದರು. ಅವಳ ಮದುವೆ ಅರಸೀಕೆರೆಯ ಛತ್ರದಲ್ಲಿ ನಡೆದಾಗ ಧಾರೆ ಎರೆದದ್ದು ನನ್ನ ತಮ್ಮ. ಮಗಳು ಹಿಂದಿನ ದಿನ ಬಾಗಿಲ ಹತ್ತಿರ ಕೂತು, "ಅಪ್ಪ, ಒಂದು ಗಂಟೆ ಬಾಪ್ಪ, ಸಾಕು" ಅಂತ ಬೇಡಿಕೊಂಡಿದ್ದಳು. ಅದನ್ನು ನಾನು ಇವತ್ತಿಗೂ ಮರೆತಿಲ್ಲ, ಮನಸಾರೆ ಕ್ಷಮಿಸಿಯೂ ಇಲ್ಲ. ಅಣ್ಣ ಮದುವೆಗೆ ಬಂದಿದ್ದರು. ಊಟದ ಸಾಲಿನಲ್ಲಿ ನಿಂತು ಎಡಗೈಯಲ್ಲೇ ಎಲ್ಲರಿಗೂ ನೀರು ಕೊಟ್ಟರು.

ಹೋದ ವರ್ಷ ಚಳಿ ಮುಗಿಯುವ ಹೊತ್ತಿಗೆ ಅಣ್ಣ ಬಂದವರು ಕಾಫಿ ಮುಟ್ಟಲಿಲ್ಲ.

"ಅತ್ತಿಗೆ, ಆ ಹುಡುಗನ ತಾಯಿ ಬತ್ತಾವ್ರೆ. ರೈಲು ಹತ್ತಿ ಆಗೈತಂತೆ. ಅರಸೀಕೆರೇಲಿ ಇಳ್ಸ್ಕಂಡು ನಮ್ಮನೇಗೆ ಕರ್ಕಂಬತ್ತೀನಿ. ಮಾರನೇ ದಿನ ಇಲ್ಲಿಗೆ."

ಅಣ್ಣ ಆ ತಾಯಿಯನ್ನು ಮೊದಲೇ ನೋಡಿದ್ದರು ಅಂತ ನನಗೆ ತಿಳಿದದ್ದೇ ಆವತ್ತು. ಕೈ ವಾಸಿಯಾದ ಮೇಲೆ ಅವರೊಬ್ಬರೇ ಆ ಗುಡ್ಡದ ಊರಿಗೆ ಹೋಗಿ, ನಿಮ್ಮ ಮಗನನ್ನು ಎರಡನೆಯದಾಗಿ ಹೊತ್ತೆ, ಅಷ್ಟರಲ್ಲಿ ಜೀವ ಹೋಗಿತ್ತು ಅಂತ ಹೇಳಿ ಬಂದಿದ್ದರು.

"ಏನಂದ್ರು ಆ ತಾಯಿ?"

"ಕೆನ್ನೆಗೊಂದು ಬಾರಿಸಿದ್ರು. ಆಮೇಲೆ ರೊಟ್ಟಿ ಬೇಯ್ಸಿ ಹಾಕಿದ್ರು. ಕೈ ಇಲ್ವಲ್ಲ ಅಂತ ಮುರಿದೂ ಕೊಟ್ರು."

ಇಷ್ಟು ಹೇಳಿ ಅಣ್ಣ ಎದ್ದು ಹೋದರು. ನಾನು ಬಾಗಿಲ ಹತ್ತಿರ ನಿಂತು ವಿಷಯ ತಿಳಿಸಿದೆ. ಒಳಗೆ ಏನೋ ಬಿದ್ದ ಸದ್ದಾಯಿತು. ಇವರು ಅಗುಳಿ ತೆಗೆದರು.

"ಬೇಡ ಅನ್ನು. ಯಾವ ಮುಖ ಇಟ್ಕಂಡು ನೋಡ್ಲಿ ಆ ತಾಯೀನ?"

"ಯಾಕೆ, ನೀವೇನು ಕೊಂದ್ರಾ ಅವನ್ನ?"

ಇವರು ಬಾಗಿಲು ಮುಚ್ಚಲು ಹೋದರು. ನನಗೆ ಪಿತ್ತ ನೆತ್ತಿಗೇರಿತು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ. ಹೊತ್ತೋರು ಅವರು. ಸತ್ತೋನು ಅವನು. ನಿಮಗೇನ್ರೀ ಇಷ್ಟು ಸಂಕಟ?" ಅಂದುಬಿಟ್ಟೆ. ಇವರು ನನ್ನನ್ನು ನೋಡಿದ ನೋಟ ಹೇಗಿತ್ತು ಅಂದರೆ, ಅಂದ ಮಾತನ್ನು ಆಗಲೇ ನುಂಗಿಕೊಳ್ಳುವ ಹಾಗಾಯಿತು. ಮತ್ತೆ ಅಗುಳಿ ಹಾಕಿಕೊಂಡರು. ಆ ತಾಯಿ ಅಷ್ಟು ದೂರದಿಂದ ಬಂದು ಮುಚ್ಚಿದ ಬಾಗಿಲು ನೋಡಿ ವಾಪಸು ಹೋದರೆ, ಇನ್ನು ಈ ಬಾಗಿಲು ಇವರು ಸಾಯುವವರೆಗೂ ತೆಗೆಯುವುದಿಲ್ಲ ಅಂತ ನನಗೆ ಖಾತ್ರಿಯಾಯಿತು. ಅವತ್ತು ಡೈರಿಯಲ್ಲಿ ನಾನು ಯಾರ ಜೊತೆಗೂ ಜಗಳ ಆಡಲಿಲ್ಲ. ಹುಷಾರಿಲ್ವಾ ಅಂತ ಜನವೇ ಕೇಳಿದರು.

ಅಣ್ಣ ಹೇಳಿದ್ದ ದಿನ ಬೆಳಗಿನ ತಿಂಡಿಯ ಹೊತ್ತು ಮುಗಿದ ಮೇಲೆ ಕಾರು ಬಂತು. ಆ ತಾಯಿಯ ಜೊತೆಗೆ ಬಂದಿದ್ದ ಅವರ ಅಳಿಯ ಹಳೇಬೀಡಿನ ದೇವಸ್ಥಾನ ನೋಡುತ್ತಾ ಅಲ್ಲೇ ಉಳಿದಿದ್ದನಂತೆ. ಇಳಿದವರು ಅಣ್ಣ ಮತ್ತು ಒಬ್ಬ ಪುಟ್ಟ ಮುದುಕಿ. ಆಕೆ ನಮ್ಮ ಬಿಸಿಲಿನಲ್ಲೂ ಉಣ್ಣೆಯ ಶಾಲು ಹೊದ್ದಿದ್ದರು, ಕಾಲಿಗೆ ಕ್ಯಾನ್ವಾಸ್ ಶೂ. ಅಣ್ಣ ಅಭ್ಯಾಸಬಲದಿಂದ ಜಗಲಿಯ ಮೇಲೇ ಕೂತುಬಿಟ್ಟರು. ನಾನು ತಾಯಿಯ ಕೈ ಹಿಡಿದು ಒಳಗೆ ಕರೆದುಕೊಂಡು ಬಂದೆ. ಮದುವೆಯಾದ ಹೊಸದರಲ್ಲಿ ಇವರ ಜೊತೆ ಕ್ವಾರ್ಟರ್ಸಿನಲ್ಲಿ ಇದ್ದವಳು ನಾನು, ಹಿಂದಿ ಬರುತ್ತದೆ. ಇಲ್ಲಿ ಅವರ ಮಾತನ್ನು ಕನ್ನಡದಲ್ಲೇ ಬರೆಯುತ್ತೇನೆ.

"ಒಳಗಿದ್ದಾನಾ?" ಅಂತ ಮುಚ್ಚಿದ ಬಾಗಿಲು ತೋರಿಸಿ ಕೇಳಿದರು.

ಹೌದು ಅಂತ ತಲೆಯಾಡಿಸಿದೆ. ಅವರು ಬಾಗಿಲಿಗೆ ಆತುಕೊಂಡು ನೆಲದ ಮೇಲೇ ಕೂತರು. ಒಂದಷ್ಟು ಹೊತ್ತು ದಣಿವಾರಿಸಿಕೊಂಡು, ಬಾಗಿಲಿಗೆ ಹೇಳುವ ಹಾಗೆ ಮಾತಾಡಿದರು.

"ಮಗಾ, ನಾನು ನಿನ್ನ ಹತ್ತಿರ ನ್ಯಾಯ ಕೇಳೋಕೆ ಬಂದಿಲ್ಲ. ಹೊರಗೆ ಕೂತಿರೋನು ತನಗೆ ಗೊತ್ತಿದ್ದದ್ದನ್ನೆಲ್ಲ ಎಂದೋ ಹೇಳಿದ್ದಾನೆ. ಆದರೆ ಅವನ ಹತ್ತಿರ ಇರೋದು ಕತ್ತಲಾದ ಮೇಲಿನದು. ಅವತ್ತು ಹಗಲೆಲ್ಲ ನನ್ನ ಮಗನ ಜೊತೆ ಇದ್ದೋನು ನೀನೊಬ್ಬನೇ. ಆ ಹಗಲು ನಿನ್ನ ಹತ್ತಿರ ಇದೆ. ನನಗೂ ವಯಸ್ಸಾಯಿತು, ಅದನ್ನು ಕೇಳದೆ ಸಾಯೋಕೆ ಮನಸ್ಸಿಲ್ಲ."

ನಾನು ಮನೆದೇವರಿಗೆಲ್ಲ ಹರಕೆ ಹೊತ್ತೆ. ಕೊನೆಗೆ ಅಗುಳಿ ಸರಿಯಿತು. ಇವರು ನೆಲದ ಮೇಲೆ ಕೈಯೂರಿಕೊಂಡು ತೆವಳಿ ಬಂದು ಹೊಸ್ತಿಲ ಈಚೆ ಕೂತರು. ಆ ತಾಯಿ ಇವರ ಮೊಟಕು ಕಾಲುಗಳನ್ನು ನೋಡಿ ಕಣ್ಣು ತಿರುಗಿಸಲಿಲ್ಲ. ತಮ್ಮ ಶಾಲು ತೆಗೆದು ಅವುಗಳ ಮೇಲೆ ಹೊದಿಸಿದರು.

ಇವರು ಹೇಳಲು ಶುರು ಮಾಡಿದರು. ನಾನು ಅಷ್ಟು ವರ್ಷ ಸಂಸಾರ ಮಾಡಿದರೂ ಕೇಳದಿದ್ದ ಮಾತುಗಳು.

ಹುಡುಗ ಹೊಟ್ಟೆಗೆ ಏಟು ತಿಂದಿದ್ದನಂತೆ. ಆದರೂ ಬಾಯಿ ನಿಲ್ಲುತ್ತಿರಲಿಲ್ಲವಂತೆ. ಊರಿನ ಅಕ್ರೋಟ್ ಮರದ ವಿಷಯ, ಅವ್ವ ಬೈಯುವ ವಿಷಯ, ತಂಗಿಗೆ ಬಳೆ ತರುತ್ತೇನೆ ಅಂತ ಹೇಳಿ ಮೊದಲ ರಜೆಯಲ್ಲೇ ಮರೆತ ವಿಷಯ. ನಿಮ್ಮೂರಲ್ಲಿ ಏನು ಬೆಳೀತೀರಿ ಅಂತ ಕೇಳಿದನಂತೆ. ಇವರು ತೆಂಗು ಅಂದರೆ, ಅಷ್ಟು ಎತ್ತರದ ಮರಕ್ಕೆ ಒಂದು ಕೊಂಬೆಯೂ ಇಲ್ಲವಲ್ಲ, ಹತ್ತೋದು ಹಾಗಿರಲಿ, ಇಳಿಯೋದು ಹೇಗೆ ಅಂತ ನಕ್ಕನಂತೆ. ನಗುವಾಗ ನೋವಾಗಿ, ಇನ್ನು ನಗಿಸಬೇಡ ಅಂದನಂತೆ. ತಾಯಿ ಒಂದೊಂದು ಮಾತಿಗೂ ಹೂಂ, ಹೂಂ ಅನ್ನುತ್ತಿದ್ದರು. ಅಕ್ರೋಟ್ ಮರ ಈಗಲೂ ಇದೆ ಅಂದರು.

"ಕತ್ತಲಾದಾಗ ಇಬ್ಬರೂ ಕೂಗೋಕೆ ಶುರು ಮಾಡಿದ್ವಿ ಅಮ್ಮ," ಅಂದರು ಇವರು. "ಅವನೂ ಕೂಗಿದ, ನಾನೂ ಕೂಗಿದೆ. ಕೆಳಗಿಂದ ಒಬ್ಬ ನಮ್ಮ ಭಾಷೆಯಲ್ಲಿ ಯಾರದು ಅಂದ. ನಾನೂ ನಮ್ಮ ಭಾಷೆಯಲ್ಲೇ ಅಂದೆ. ಬಂದವನು ನನ್ನ ಊರಿನ ಕಡೆಯವನು ಅಂತ ನಿಮ್ಮ ಮಗನಿಗೆ ತಿಳೀತು. ಅವನು ಕೂಗೋದನ್ನ ನಿಲ್ಲಿಸಿಬಿಟ್ಟ. ಕಣ್ಣು ಬಿಟ್ಟುಕೊಂಡೇ ಇದ್ದ, ನನ್ನನ್ನೇ ನೋಡ್ತಿದ್ದ, ಆದ್ರೆ ಸುಮ್ಮನಾದ."

ಇವರು ತಾಯಿ ಹೊದಿಸಿದ್ದ ಶಾಲಿನ ಅಂಚು ಹಿಡಿದುಕೊಂಡರು.

"ಬಂದವನು ನನ್ನನ್ನ ಬೆನ್ನಿಗೇರಿಸಿಕೊಳ್ಳುವಾಗ, ಇವನು ಹೇಗಿದ್ದಾನೆ ಅಂತ ಕೇಳಿದ. ಜೀವ ಇದೆ, ಇವನನ್ನು ಮೊದಲು ತಗೊಂಡು ಹೋಗು ಅಂತ ನಾನು ಹೇಳಬೇಕಾಗಿತ್ತು. ನಾನು ಬಾಯಿ ಬಿಡಲಿಲ್ಲ ಅಮ್ಮ. ಬಂದವನ ಕುತ್ತಿಗೆಯನ್ನ ಇನ್ನೂ ಗಟ್ಟಿಯಾಗಿ ಹಿಡ್ಕೊಂಡೆ. ಮೊದಲು ಯಾರು ಅಂತ ಆರಿಸಿದ್ದು ಅವನಲ್ಲ. ನಾನು."

ಇದೇ ಆ ಅಗುಳಿ ಅಂತ ನನಗೆ ಆಗ ತಿಳಿಯಿತು. ಅಯ್ಯೋ ದೇವರೇ, ಇಷ್ಟು ವರ್ಷ ಇದನ್ನು ಒಬ್ಬರೇ ಇಟ್ಟುಕೊಂಡಿದ್ದರಾ ಅಂತ ಅನ್ನಿಸಿತು. ಸಿಟ್ಟೂ ಬಂತು, ಯಾರ ಮೇಲೆ ಅಂತ ತಿಳಿಯಲಿಲ್ಲ. ನಾನು ತಾಯಿಯ ಮುಖ ನೋಡಲಾರದೆ ಗೋಡೆ ನೋಡಿದೆ.

ತಾಯಿ ಅಳಲಿಲ್ಲ. ಏನನ್ನೋ ನಂಬಲಾಗದವರ ಹಾಗೆ ತಲೆ ಅಲ್ಲಾಡಿಸಿದರು.

"ಸುಮ್ಮನಾದನಾ? ನನ್ನ ಮಗನಾ? ಅವನು ಬಿಟ್ಟುಕೊಡೋ ಪೈಕಿನೇ ಅಲ್ಲ. ಹೆಂಚಿನಿಂದ ಇಳಿದ ಮೊದಲ ರೊಟ್ಟಿ ಅವನಿಗೇ ಆಗಬೇಕು, ತಂಗಿಯ ಕೂದಲು ಹಿಡಿದು ಎಳೆದಾದರೂ ಕಿತ್ತುಕೊಳ್ಳೋನು. ಎಷ್ಟು ಹೊಡೆದಿದ್ದೀನಿ ಅದಕ್ಕೆ." ಮತ್ತೆ ಮೆಲ್ಲಗೆ, "ನಿನಗೆ ಬಿಟ್ಟುಕೊಟ್ಟನಲ್ಲ" ಅಂದರು. ಹೆತ್ತವಳು ಮಗನ ಬಗ್ಗೆ ಹೊಸದೊಂದು ಸಂಗತಿ ಕೇಳಿದ ದನಿ ಅದು.

ಆಮೇಲೆ ಇವರ ಹತ್ತಿರ ಸರಿದು ಕೂತು, ಕಥೆ ಕೇಳುವ ಆಸೆಯಿಂದ ಕೇಳಿದರು.

"ಸರಿ, ಇನ್ನು ಮಿಕ್ಕಿದ್ದು ಹೇಳು. ಆಮೇಲೆ ಏನೇನು ಮಾಡಿದೆ? ಮಗಳಿದ್ದಾಳಂತೆ. ಓದಿಸಿದೆಯಾ? ಅವಳ ಮದುವೆಯಲ್ಲಿ ಎಲ್ಲರ ಮುಂದೆ ಕೂತು ಕನ್ಯಾದಾನ ಮಾಡಿದೆಯಾ? ಮೊಮ್ಮಗುವನ್ನ ಎಲ್ಲೆಲ್ಲಿ ತಿರುಗಿಸಿದೆ? ನನ್ನ ಮಗನಿಗೆ ಇದ್ಯಾವುದೂ ಆಗಲಿಲ್ಲ. ನಿನ್ನದನ್ನಾದರೂ ಕೇಳ್ತೀನಿ, ಹೇಳು."

ಇವರು ನನ್ನ ಮುಖ ನೋಡಿದರು. ನಾನು ಉತ್ತರ ಹೇಳಿ ಕಾಪಾಡಬಹುದಿತ್ತು. ಹೇಳಲಿಲ್ಲ. ಮಗಳು ಆ ಬಾಗಿಲ ಮುಂದೆ ಬೇಡಿಕೊಂಡದ್ದು ನನ್ನ ಕಣ್ಣ ಮುಂದಿತ್ತು.

"ಏನೂ ಮಾಡಲಿಲ್ಲ ಅಮ್ಮ," ಅಂದರು. "ಮಗಳ ಮದುವೆಗೂ ಹೋಗಲಿಲ್ಲ. ಬಾಗಿಲು ಹಾಕ್ಕೊಂಡು ಒಳಗೆ ಕೂತಿದ್ದೆ."

ಆಗ ಆ ತಾಯಿ ಅತ್ತರು. ಮಗ ಸತ್ತ ಸುದ್ದಿ ಈಗ ತಾನೇ ಬಂದ ಹಾಗೆ, ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಇವರು ಅವರ ಕಾಲು ಹಿಡಿಯಲು ಬಗ್ಗಿದರೆ ಕೈ ತಳ್ಳಿದರು. ಬೈದರು ಕೂಡ. ಅವರ ಗುಡ್ಡದ ಭಾಷೆಯಲ್ಲಿ ಬೈದರು, ನಮಗಿಬ್ಬರಿಗೂ ಅರ್ಥವಾಗಲಿಲ್ಲ, ಅರ್ಥವಾಗುವ ಅಗತ್ಯವೂ ಇರಲಿಲ್ಲ. ಅತ್ತು ಮುಗಿದ ಮೇಲೆ ಬಾಗಿಲಾಚೆ ಬೆರಳು ತೋರಿಸಿ, "ಅವನು ಯಾಕೆ ಹೊರಗೆ ಕೂತಿದ್ದಾನೆ?" ಅಂತ ಕೇಳಿದರು.

ಇವರು ಕಣ್ಣೊರೆಸಿಕೊಂಡರು. ಜಗಲಿಯ ಕಡೆ ತಿರುಗಿ ಕೂಗಿದರು.

"ಏನ್ಲಾ, ಒಳಗ್ ಬಾರ್ಲಾ."

ಅಣ್ಣ ಬಂದು ತಲೆಬಾಗಿಲಲ್ಲಿ ನಿಂತರು. ತಪ್ಪಾಗಿ ಕೇಳಿಸಿತೇನೋ ಅನ್ನುವ ಹಾಗೆ ನನ್ನ ಮುಖ ನೋಡಿದರು. ಇವರು ಅವರನ್ನು ನೇರವಾಗಿ ನೋಡಿಕೊಂಡೇ ಹೇಳಿದರು.

"ಅವತ್ತು ನೀನು, ಅವ್ನು ಹೆಂಗವ್ನೆ ಅಂತ ಕೇಳ್ದೆ. ನಾನು ಮಾತಾಡ್ನಿಲ್ಲ. ಬೇಕಂತಲೇ ಮಾತಾಡ್ನಿಲ್ಲ ಕಣ್ಲಾ."

"ಗೊತ್ತು," ಅಂದರು ಅಣ್ಣ.

"ಯಾವಾಗಿಂದ ಗೊತ್ತು?"

"ಅವತ್ತಿಂದ್ಲೇ. ನೀನು ಹಿಡ್ಕಂಡಿದ್ದ ಕುತ್ತಿಗೆ ನಂದಲ್ವಾ?"

"ಗೊತ್ತಿದ್ದೂ ಇಷ್ಟು ವರ್ಷ ಬತ್ತಾ ಇದ್ಯೇನ್ಲಾ?"

"ಗೊತ್ತಿದ್ದಕ್ಕೇ ಬತ್ತಾ ಇದ್ದೆ ಕಣ್ಲಾ. ಇನ್ಯಾರಿಗೆ ಗೊತ್ತಿತ್ತು, ನಿನ್ನತ್ರ ಬರಕ್ಕೆ?"

ಇವರು ಎರಡೂ ಕೈ ಚಾಚಿದರು. ಅಣ್ಣ ಒಳಗೆ ಬಂದು ಪಕ್ಕದಲ್ಲಿ ಕೂತರು.